ನಿಮಗಿದು ಗೊತ್ತೇ? ಎಂಟು ಮೈಕು, ಒಂದು ಯುಎಸ್‌ಬಿ ಕೇಬಲ್, ಜೊತೆಗೆ ಲಿನಕ್ಸ್

ಗಾಯಕರಿಗೆ, ಪಿಟೀಲಿಗೆ, ಮೃದಂಗದ ಎರಡೂ ಮುಖಗಳಿಗೆ ಬೇರೆಬೇರೆ ಮೈಕು ಇಟ್ಟು, ಒಂದೊಂದನ್ನೂ ಪ್ರತ್ಯೇಕ ಟ್ರ್ಯಾಕ್ ಆಗಿ ಮುದ್ರಿಸಲು ದೊಡ್ಡ ಸ್ಟುಡಿಯೊ ಬೇಕಿಲ್ಲ. ಮಲ್ಟಿಚಾನೆಲ್ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮತ್ತು ಉಚಿತ ಲಿನಕ್ಸ್ ಇರುವ ಕಂಪ್ಯೂಟರ್ ಸಾಕು.

● ಯುಎಸ್‌ಬಿ ಆಡಿಯೊದ ಸಾಮಾನ್ಯ ಮಾನದಂಡ ಪಾಲಿಸುವ ‘ಕ್ಲಾಸ್ ಕಂಪ್ಲೈಂಟ್’ ಇಂಟರ್‌ಫೇಸ್‌ಗೆ ಲಿನಕ್ಸ್‌ನಲ್ಲಿ ಬೇರೆ ಡ್ರೈವರ್ ಹಾಕಬೇಕಿಲ್ಲ. ಅದು ಲಿನಕ್ಸ್‌ನ ತಿರುಳಾದ ‘ಕರ್ನಲ್’ನಲ್ಲೇ ಇದೆ.

● ‘ಯುಎಸ್‌ಬಿ ಆಡಿಯೊ ಕ್ಲಾಸ್ 2’ ಮಾನದಂಡ ಬಂದದ್ದು 2006ರಲ್ಲಿ. ಲಿನಕ್ಸ್ ಕರ್ನಲ್ ಅದನ್ನು 2010ರಲ್ಲೇ ಅಳವಡಿಸಿಕೊಂಡಿತು. ವಿಂಡೋಸ್‌ಗೆ ಅದು ಬಂದದ್ದು 2017ರಲ್ಲಿ.

● ಲಿನಕ್ಸ್‌ನ ಧ್ವನಿವ್ಯವಸ್ಥೆ ‘ಆಲ್ಸಾ’ದ ಮೂಲ, ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಗ್ರೇವಿಸ್ ಅಲ್ಟ್ರಾಸೌಂಡ್ ಎಂಬ ಒಂದೇ ಒಂದು ಕಾರ್ಡಿಗಾಗಿ ಬರೆದ ಡ್ರೈವರ್.

● ಬಹು ಟ್ರ್ಯಾಕ್ ಮುದ್ರಣದ ‘ಆರ್ಡೋರ್’ ತಂತ್ರಾಂಶವನ್ನೂ, ಧ್ವನಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹರಿಸುವ ‘ಜ್ಯಾಕ್’ ಅನ್ನೂ ಆರಂಭಿಸಿದವರು ಪಾಲ್ ಡೇವಿಸ್. ಅಮೆಜಾನ್ ಕಂಪನಿಯ ಮೊದಲ ಪ್ರೋಗ್ರಾಮರ್‌ಗಳಲ್ಲಿ ಅವರೂ ಒಬ್ಬರು.

● 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ಎಂಟು ಚಾನೆಲ್‌ಗಳಿಗೆ ಬೇಕಾದದ್ದು ಸೆಕೆಂಡಿಗೆ ಸುಮಾರು 9.2 ಮೆಗಾಬಿಟ್. ಯುಎಸ್‌ಬಿ 2ರ ಗರಿಷ್ಠ ವೇಗ 480 ಮೆಗಾಬಿಟ್. ಹಳೆಯ ಲ್ಯಾಪ್‌ಟಾಪ್ ಕೂಡ ಈ ಕೆಲಸಕ್ಕೆ ಬರುತ್ತದೆ.

● ಆದರೆ ಆ ಎಂಟನ್ನೂ ಒಂದೇ ವೇವ್ ಫೈಲಿಗೆ ತುಂಬಿದರೆ ಸುಮಾರು 62 ನಿಮಿಷಕ್ಕೆ ಅದರ 4 ಜಿಬಿ ಮಿತಿ ಮುಗಿಯುತ್ತದೆ. ಕಛೇರಿ ಅಷ್ಟು ಹೊತ್ತಿಗೆ ಅರ್ಧವೂ ಆಗಿರುವುದಿಲ್ಲ! ಚಾನೆಲ್‌ಗೊಂದು ಫೈಲ್ ಮಾಡಿಕೊಳ್ಳಿ, ಇಲ್ಲವೇ ಈ ಮಿತಿಯಿಲ್ಲದ ‘ಆರ್‌ಎಫ್64’ ಮಾದರಿಯ ಫೈಲ್ ಬಳಸಿ.

● ಇಂಟರ್‌ಫೇಸ್ ಮೇಲೆ 18 ಇನ್‌ಪುಟ್ ಎಂದಿದ್ದರೆ 18 ಮೈಕು ಎಂದರ್ಥವಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20ರಲ್ಲಿ ಮೈಕಿಗೆ ಎಂಟು. ಉಳಿದ ಹತ್ತು ಡಿಜಿಟಲ್.

● ಆ ಹತ್ತರಲ್ಲಿ ಎಂಟು ಬರುವುದು ‘ಏಡ್ಯಾಟ್’ ಎಂಬ ಒಂದೇ ಬೆಳಕಿನ ತಂತುವಿನಲ್ಲಿ. 96 ಕಿಲೊಹರ್ಟ್ಸ್‌ಗೆ ಏರಿಸಿದರೆ ಒಂದು ತಂತುವಿನಲ್ಲಿ ಅವು ನಾಲ್ಕಕ್ಕೆ ಇಳಿಯುತ್ತವೆ.

● ಎರಡು ಇಂಟರ್‌ಫೇಸ್‌ಗಳನ್ನು ಸುಮ್ಮನೆ ಒಟ್ಟಿಗೆ ಬಳಸಿದರೆ ಅವುಗಳ ಗಡಿಯಾರಗಳು ನಿಧಾನಕ್ಕೆ ಬೇರೆಯಾಗುತ್ತವೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್ ಅಂತರ. ತಾಳ ತಪ್ಪಲು ಅಷ್ಟು ಸಾಕು. ಏಡ್ಯಾಟ್ ಅಥವಾ ವರ್ಡ್‌ಕ್ಲಾಕ್ ಮೂಲಕ ಒಂದರ ಗಡಿಯಾರಕ್ಕೆ ಇನ್ನೊಂದನ್ನು ಕಟ್ಟಿಹಾಕಬೇಕು.

● ಜ್ಯಾಕ್‌ನಲ್ಲಿ 128 ಫ್ರೇಮ್‌ಗಳ ಮೂರು ಬಫರ್ ಇಟ್ಟರೆ 48 ಕಿಲೊಹರ್ಟ್ಸ್‌ನಲ್ಲಿ ಅವು ತುಂಬಲು 8 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸಾಗುವುದು ಸುಮಾರು 2.7 ಮೀಟರ್. ಹಾಡುಗಾರರು ಹೆಡ್‌ಫೋನ್‌ನಲ್ಲಿ ಕೇಳಿಕೊಳ್ಳದಿದ್ದರೆ ಬಫರನ್ನು 1024ಕ್ಕೆ ಏರಿಸಿ. ಧ್ವನಿ ತುಂಡಾಗುವ ಭಯ ಕಡಿಮೆ.

● 24 ಬಿಟ್‌ನ ಲೆಕ್ಕದ ವ್ಯಾಪ್ತಿ ಸುಮಾರು 144 ಡೆಸಿಬೆಲ್. ಆದ್ದರಿಂದ ಮಟ್ಟವನ್ನು ಕೆಂಪು ದೀಪದವರೆಗೆ ಏರಿಸಬೇಡಿ. ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ಸುತ್ತಮುತ್ತ ನಿಂತರೆ ಒಳ್ಳೆಯದು.

● ಫೆಡೋರಾ ಎಂಬ ಲಿನಕ್ಸ್‌ನಲ್ಲಿ 2021ರ 34ನೇ ಆವೃತ್ತಿಯಿಂದ ‘ಪೈಪ್‌ವೈರ್’ ಎಂಬ ಒಂದೇ ವ್ಯವಸ್ಥೆ, ಜ್ಯಾಕ್ ತಂತ್ರಾಂಶಗಳನ್ನೂ ದಿನಬಳಕೆಯ ಧ್ವನಿಯನ್ನೂ ಒಟ್ಟಿಗೆ ನಿಭಾಯಿಸುತ್ತಿದೆ.

● ವಿಳಂಬ ತಗ್ಗಿಸುವ ‘ರಿಯಲ್ ಟೈಮ್’ ಸೌಲಭ್ಯ ಸುಮಾರು ಎರಡು ದಶಕ ಕರ್ನಲ್‌ನ ಹೊರಗೇ ಬೆಳೆದು, 2024ರ 6.12 ಆವೃತ್ತಿಯಲ್ಲಿ ಮುಖ್ಯ ಕರ್ನಲ್ ಸೇರಿತು.

ಕಾರ್ಯಕ್ರಮದ ಹಿಂದಿನ ದಿನವೇ ಇಂಟರ್‌ಫೇಸನ್ನು ಹಬ್ ಇಲ್ಲದೆ ನೇರವಾಗಿ ಜೋಡಿಸಿ, ಎಲ್ಲ ಚಾನೆಲ್ ತೆರೆದು, ಕಛೇರಿಯಷ್ಟೇ ಹೊತ್ತು ಮುದ್ರಿಸಿ ನೋಡಿ. ಕಲಾವಿದರು ಅದನ್ನೇ ಮತ್ತೊಮ್ಮೆ ಹಾಗೆಯೇ ಹಾಡುವುದಿಲ್ಲ.