ತೆಂಗಿನ ತುರಿ ಮತ್ತು ಅದರ ಹೊದಿಕೆ

ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ತೆಂಗಿನಿಂದ ಬಂದುದೆಂಬುದು ಸರ್ವವಿದಿತ. ಗುಬ್ಬಿಯ ತೋಟಗಳ ಕಾಯಿಗೆ ನಾರು, ಚಿಪ್ಪುಗಳ ಕವಚವನ್ನು ಪ್ರಕೃತಿಯೇ ತೊಡಿಸಿದೆ. ಅದೇ ಕಾಯಿಯ ತಿರುಳನ್ನು ತುರಿದು ಒಣಗಿಸಿ ದೂರದೂರಿಗೆ ಕಳುಹಿಸುವಾಗ ಆ ಕವಚವಿರುವುದಿಲ್ಲ. ಅದರ ಹೊಣೆಯನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದು ಹೊರಬೇಕು.

ಒಣತುರಿಯಲ್ಲಿ ತೇವಾಂಶವು ಶೇಕಡ 3ರಷ್ಟು ಮಾತ್ರ. ಜಿಡ್ಡಿನಂಶವಾದರೋ ಶೇಕಡ 60ಕ್ಕೂ ಹೆಚ್ಚು. ತೇವ ಏರಿದರೆ ತುರಿ ಗಂಟುಕಟ್ಟುತ್ತದೆ, ಬೂಸ್ಟು ಹಿಡಿಯುತ್ತದೆ, ಜಿಡ್ಡು ಒಡೆದು ಸಾಬೂನಿನ ರುಚಿ ಬರುತ್ತದೆ. ಆಮ್ಲಜನಕ ತಗುಲಿದರೆ ಕ್ರಮೇಣ ಕಮಟು ವಾಸನೆ ಹುಟ್ಟುತ್ತದೆ. ಶತ್ರುಗಳು ಇಬ್ಬರಾದುದರಿಂದ ಪರೀಕ್ಷೆಗಳೂ ಎರಡು.

ರಂಧ್ರವಿಲ್ಲದ ಹಾಳೆಯನ್ನು ಗಾಳಿ ದಾಟುವುದೆಂತು? ಅನಿಲವು ಹಾಳೆಯ ಒಂದು ಮೈಯಲ್ಲಿ ಕರಗಿ, ಒಳಗೆ ಹರಡಿಕೊಂಡು, ಇನ್ನೊಂದು ಮೈಯಿಂದ ಹೊರಬೀಳುತ್ತದೆ. ರಬ್ಬರಿನ ಪದರವನ್ನು ಕುರಿತು ಥಾಮಸ್ ಗ್ರಹಾಂ ಎಂಬ ವಿಜ್ಞಾನಿ 1866ರಲ್ಲಿಯೇ ಈ ಬಗೆಯನ್ನು ವಿವರಿಸಿದ್ದನು.

ನೀರಾವಿಯ ಪರೀಕ್ಷೆಗೆ ತಕ್ಕಡಿಯೇ ಮುಖ್ಯ ಸಾಧನ. ಅಲ್ಯೂಮಿನಿಯಂ ಬಟ್ಟಲಿನಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ, ಮೇಲೆ ಹಾಳೆಯನ್ನು ಮುಚ್ಚಿ, ಅಂಚನ್ನು ಕರಗಿಸಿದ ಮೇಣದಿಂದ ಬಿಗಿಯುತ್ತಾರೆ. ಇದನ್ನು 38 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 90 ಆರ್ದ್ರತೆಯ ಪೆಟ್ಟಿಗೆಯಲ್ಲಿಟ್ಟು ಆಗಾಗ ತೂಗುತ್ತಾರೆ. 50 ಚದರ ಸೆಂಟಿಮೀಟರ್ ಹಾಳೆಯ ಮೂಲಕ ದಿನಕ್ಕೆ 0.09 ಗ್ರಾಂ ತೂಕ ಏರಿತೆನ್ನೋಣ. ಚದರ ಮೀಟರಿಗೆ ದಿನಕ್ಕೆ 18 ಗ್ರಾಂ ಎಂದಾಯಿತು.

ಆಮ್ಲಜನಕದ ಪರೀಕ್ಷೆ ಸೂಕ್ಷ್ಮತರವಾದುದು. ಹಾಳೆಯ ಒಂದು ಬದಿಗೆ ಆಮ್ಲಜನಕವನ್ನೂ ಇನ್ನೊಂದು ಬದಿಗೆ ಸಾರಜನಕವನ್ನೂ ಹರಿಸುತ್ತಾರೆ. ದಾಟಿ ಬಂದ ಆಮ್ಲಜನಕವನ್ನು ಸಾರಜನಕವು ಸಂವೇದಕಕ್ಕೆ ಒಯ್ಯುತ್ತದೆ. ಅಲ್ಲಿ ಹುಟ್ಟುವ ವಿದ್ಯುತ್ತೇ ಅದರ ಪ್ರಮಾಣವನ್ನು ತಿಳಿಸುತ್ತದೆ.

ಈ ಎರಡು ಅಳತೆಗಳು ಒಂದನ್ನೊಂದು ಹಿಂಬಾಲಿಸುವುದಿಲ್ಲವೆಂಬುದೇ ಇಲ್ಲಿಯ ಮರ್ಮ. ಪಾಲಿಥೀನ್ ತೇವವನ್ನು ಸಾಕಷ್ಟು ತಡೆದರೂ ಆಮ್ಲಜನಕವನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ. ನೈಲಾನ್ ಆಮ್ಲಜನಕವನ್ನು ತಡೆಯುತ್ತದೆ, ತೇವಕ್ಕೆ ಸೋಲುತ್ತದೆ. ಆದುದರಿಂದಲೇ ಒಂದರ ಕೊರತೆಯನ್ನು ಮತ್ತೊಂದು ತುಂಬುವಂತೆ ಪದರಗಳನ್ನು ಕೂಡಿಸುವುದು. ಅಲ್ಯೂಮಿನಿಯಂ ಹಾಳೆ ಎರಡನ್ನೂ ಬಹುಮಟ್ಟಿಗೆ ತಡೆಯುವುದಾದರೂ ಮಡಿಸಿದೆಡೆ ಬಿರುಕು ಬಿಡಬಲ್ಲುದು. ಬೆಸುಗೆ ಸಡಿಲವಾದರಂತೂ ಹಾಳೆಯ ಗುಣವೆಲ್ಲ ವ್ಯರ್ಥ. ಹೀಗಾಗಿ ಹಾಳೆಯನ್ನು ಪರೀಕ್ಷಿಸಿದರೆ ಸಾಲದು, ತುಂಬಿದ ಪೊಟ್ಟಣವನ್ನೂ ಪರೀಕ್ಷಿಸಬೇಕು.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಆಹಾರದ ಹೊದಿಕೆಗೇ ಮೀಸಲಾದ ವಿಭಾಗವಿದೆ. ಯೋಧರ ಆಹಾರಕ್ಕಾಗಿ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಅದೇ ನಗರದಲ್ಲಿ ತಲೆಯೆತ್ತಿತು.

ಹೊಳಪನ್ನೋ ದಪ್ಪವನ್ನೋ ನೋಡಿ ಚೀಲವನ್ನು ಆರಿಸಿದರೆ ಎರಡು ಬಗೆಯ ನಷ್ಟ. ತಡೆ ಸಾಲದಿದ್ದರೆ ಬೆಳೆಗಾರನ ವರ್ಷದ ದುಡಿಮೆ ಉಗ್ರಾಣದಲ್ಲಿಯೇ ಕಮಟುತ್ತದೆ. ಬೇಡದಷ್ಟು ಪದರಗಳನ್ನು ಹೊದಿಸಿದರೆ ವೆಚ್ಚವೂ ಏರುತ್ತದೆ, ಬೇರ್ಪಡಿಸಲಾಗದ ಕಸವೂ ನೆಲದ ಪಾಲಾಗುತ್ತದೆ. ಎಷ್ಟು ಬೇಕೋ ಅಷ್ಟನ್ನೇ ತಿಳಿದು ಬಳಸುವ ವಿವೇಕವನ್ನು ಕೊಡುವುದು ಅಳತೆಯೊಂದೇ.