ಇಂಪ್ಲಾಂಟ್ ಹಲ್ಲು: ಯಾರಿಗೆ, ಯಾವಾಗ?

ನಿಮಗೆ ಹದಿನೈದು ವರ್ಷ ಎಂದಿಟ್ಟುಕೊಳ್ಳಿ. ಕಬಡ್ಡಿ ಆಡುವಾಗಲೋ ಸೈಕಲ್ಲಿನಿಂದ ಬಿದ್ದೋ ಮೇಲಿನ ಸಾಲಿನ ಒಂದು ಬಾಚಿಹಲ್ಲು ಹೋಯಿತು. ನಕ್ಕರೆ ಸಂದು ಕಾಣುತ್ತದೆ. ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುವ ಅಭ್ಯಾಸವಾಗುತ್ತದೆ. ಮನೆಯವರು ಅಲ್ಲಿ ಇಲ್ಲಿ ವಿಚಾರಿಸಿ, ‘ಎಷ್ಟಾದರೂ ಆಗಲಿ, ಇಂಪ್ಲಾಂಟ್ ಹಾಕಿಸಿಬಿಡೋಣ, ಮತ್ತೆ ಚಿಂತೆಯಿಲ್ಲ’ ಎಂದು ಹಣ ಹೊಂದಿಸಲು ಹೊರಡುತ್ತಾರೆ. ದಂತವೈದ್ಯರೊಡನೆ ಸಂವಾದ ಏರ್ಪಡಿಸಿದಾಗಲೆಲ್ಲ ಇಂಥದೊಂದು ಪ್ರಶ್ನೆ ನಮ್ಮಲ್ಲಿಗೆ ಬಂದೇ ಬರುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಅದಕ್ಕೆ ಸಿಗುವುದು ಒಂದೆರಡು ನಿಮಿಷ ಮಾತ್ರ. ಇಲ್ಲಿ ತುಸು ನಿಧಾನವಾಗಿ ನೋಡೋಣ.

ಇಂಪ್ಲಾಂಟ್ ಎಂದರೆ ಹಲ್ಲಲ್ಲ, ಹಲ್ಲಿನ ಬೇರು. ಸುಮಾರು 4 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಟೈಟಾನಿಯಂ ತಿರುಪನ್ನು ದವಡೆಯ ಮೂಳೆಯೊಳಗೆ ಕೂರಿಸುತ್ತಾರೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಮೂಳೆ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಕೂರಿಸುತ್ತಾರೆ.

ಲೋಹವನ್ನು ಮೂಳೆ ಹಿಡಿದುಕೊಳ್ಳುವುದೇ? ಈ ಸಂಗತಿ ತಿಳಿದುಬಂದದ್ದು ಹಲ್ಲಿನ ಸಂಶೋಧನೆಯಿಂದಲ್ಲ. 1952ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದಕ್ಕಾಗಿ ಮೂಳೆಯೊಳಗೆ ಟೈಟಾನಿಯಂನ ಪುಟ್ಟ ಉಪಕರಣ ಇರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೊಲ್ಲದು! ಮೂಳೆ ಅದರೊಂದಿಗೆ ಒಂದಾಗಿ ಬೆಳೆದಿತ್ತು. ಗಾಳಿ ತಾಗಿದೊಡನೆ ಟೈಟಾನಿಯಂ ಮೇಲೆ ಆಕ್ಸೈಡಿನ ತೆಳುಪದರ ಕಟ್ಟಿಕೊಳ್ಳುತ್ತದೆ. ಈ ಪದರದ ದೆಸೆಯಿಂದ ದೇಹ ಲೋಹವನ್ನು ಪರಕೀಯವೆಂದು ಹೊರದಬ್ಬುವುದಿಲ್ಲ. 1965ರಲ್ಲಿ ಬ್ರೋನೆಮಾರ್ಕ್ ಯೋಸ್ತಾ ಲಾರ್ಸನ್ ಎಂಬ ರೋಗಿಯ ಕೆಳದವಡೆಯಲ್ಲಿ ನಾಲ್ಕು ತಿರುಪುಗಳನ್ನು ಕೂರಿಸಿದರು. 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷಕ್ಕೂ ಮಿಕ್ಕಿ, ಲಾರ್ಸನ್ ಆ ಬೇರುಗಳನ್ನು ಬಳಸಿದರು.

ಇಷ್ಟು ಓದಿದವರು ‘ಹಾಗಾದರೆ ಇನ್ನೇನು ಯೋಚನೆ?’ ಎನ್ನಬಹುದು. ತೊಡಕು ಇರುವುದು ಆ ಗಟ್ಟಿ ಹಿಡಿತದಲ್ಲಿಯೇ.

ನಿಮ್ಮ ಸ್ವಂತ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರು ಮತ್ತು ಮೂಳೆಯ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪೊರೆಯೊಂದಿದೆ. ಅದರಲ್ಲಿ ರಕ್ತನಾಳಗಳಿವೆ, ನರಗಳಿವೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕೊಡನೆ ನೀವು ಅಗಿಯುವುದನ್ನು ನಿಲ್ಲಿಸುತ್ತೀರಲ್ಲ, ಅದು ಈ ಪೊರೆಯ ನರಗಳ ಕೆಲಸ. ಹಲ್ಲಿಗೆ ಕ್ಲಿಪ್ ಹಾಕಿ ಸಾಲು ನೇರ ಮಾಡಲು ಸಾಧ್ಯವಾಗುವುದೂ ಈ ಪೊರೆ ಇರುವುದರಿಂದ. ದವಡೆ ಬೆಳೆದಂತೆಲ್ಲ ಹಲ್ಲು ತಾನೂ ಜೊತೆಗೆ ಇಳಿದು ಬಂದು ತನ್ನ ಸ್ಥಾನ ಹೊಂದಿಸಿಕೊಳ್ಳುವುದಕ್ಕೂ ಇದು ಬೇಕು. ಇಂಪ್ಲಾಂಟಿಗೆ ಈ ಪೊರೆ ಇಲ್ಲ. ಗೋಡೆಗೆ ಹೊಡೆದ ಮೊಳೆಯಂತೆ ಕೂರಿಸಿದಲ್ಲೇ ಇರುತ್ತದೆ.

ಹದಿನೈದರ ವಯಸ್ಸಿನಲ್ಲಿ ನಿಮ್ಮ ಮುಖದ ಮೂಳೆ ಇನ್ನೂ ಬೆಳೆಯುತ್ತಿದೆ. ಈಗಲೇ ಇಂಪ್ಲಾಂಟ್ ಕೂರಿಸಿದರೆ ಅಕ್ಕಪಕ್ಕದ ಹಲ್ಲುಗಳು ದವಡೆಯೊಡನೆ ಕೆಳಗಿಳಿಯುತ್ತವೆ, ಇಂಪ್ಲಾಂಟಿನ ಹಲ್ಲು ಮಾತ್ರ ಮೇಲೆಯೇ ಉಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಅದು ಗಿಡ್ಡವಾಗಿ ಕಾಣತೊಡಗುತ್ತದೆ. ಅಂದಕ್ಕೆಂದು ಮಾಡಿಸಿದ್ದೇ ಅಂದಗೆಡಿಸಿದಂತಾಗುತ್ತದೆ. ಅದನ್ನು ತೆಗೆಸುವುದು ಸುಲಭವಲ್ಲ, ಮೂಳೆ ಬಿಗಿಯಾಗಿ ಹಿಡಿದಿರುತ್ತದೆ. ಆದ್ದರಿಂದ ಬೆಳವಣಿಗೆ ನಿಂತ ಮೇಲೆಯೇ ಇಂಪ್ಲಾಂಟ್. ಸಾಮಾನ್ಯವಾಗಿ ಹುಡುಗಿಯರಿಗೆ ಹದಿನೇಳು ಹದಿನೆಂಟರ ನಂತರ, ಹುಡುಗರಿಗೆ ಇಪ್ಪತ್ತು ಇಪ್ಪತ್ತೊಂದರ ನಂತರ ಎನ್ನುತ್ತಾರೆ. ವಯಸ್ಸನ್ನಷ್ಟೇ ನಂಬದೆ, ಆರು ತಿಂಗಳು ಅಥವಾ ಒಂದು ವರ್ಷದ ಅಂತರದಲ್ಲಿ ತೆಗೆದ ಮುಖದ ಎಕ್ಸ್-ರೇಗಳನ್ನು ಹೋಲಿಸಿ ಬೆಳವಣಿಗೆ ನಿಂತಿದೆಯೇ ಎಂದು ವೈದ್ಯರು ನಿರ್ಧರಿಸುತ್ತಾರೆ.

ಅಲ್ಲಿಯವರೆಗೆ ಸಂದು ಬಿಟ್ಟುಕೊಂಡೇ ಇರಬೇಕೆ? ಬೇಕಿಲ್ಲ. ತೆಗೆದು ಹಾಕಬಹುದಾದ ಪ್ಲೇಟಿನ ಹಲ್ಲು ಅಗ್ಗದ ಉಪಾಯ. ಅದಕ್ಕಿಂತ ಹಿತವಾದದ್ದು, ಕೃತಕ ಹಲ್ಲಿಗೆ ಒಂದು ರೆಕ್ಕೆಯಿಟ್ಟು ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುವ ವಿಧಾನ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದಾಗಿ ಇದಕ್ಕೆ ಮೇರಿಲ್ಯಾಂಡ್ ಬ್ರಿಡ್ಜ್ ಎಂಬ ಹೆಸರು. ಮಾಮೂಲಿ ಬ್ರಿಡ್ಜಿಗಾದರೆ ಎರಡು ಕಡೆಯ ಒಳ್ಳೆಯ ಹಲ್ಲುಗಳನ್ನು ಅರೆದು ಚಿಕ್ಕದು ಮಾಡಬೇಕು. ಎಳೆಯ ವಯಸ್ಸಿನ ಹಲ್ಲಿನಲ್ಲಿ ನರವಿರುವ ತಿರುಳು ದೊಡ್ಡದು, ಅರೆದರೆ ಅದಕ್ಕೆ ಪೆಟ್ಟು ಬೀಳುವ ಭಯ ಹೆಚ್ಚು. ಯಾರಾದರೂ ನಿಮ್ಮ ಎರಡು ಗಟ್ಟಿ ಹಲ್ಲುಗಳನ್ನು ಅರೆಯಲು ಹೊರಟರೆ ಬೇರೆ ದಾರಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಕಾಯುವುದರಲ್ಲಿ ಒಂದು ನಷ್ಟ ಉಂಟು, ಅದನ್ನು ಮುಚ್ಚಿಡಬಾರದು. ಹಲ್ಲಿಲ್ಲದ ಜಾಗದ ಮೂಳೆ ಕರಗುತ್ತದೆ. ಹಲ್ಲು ಹೋದ ಮೊದಲ ವರ್ಷದಲ್ಲೇ ಆ ಭಾಗದ ಮೂಳೆಯ ಅಗಲ ಅರ್ಧದಷ್ಟರವರೆಗೂ ಕಡಿಮೆಯಾಗಬಹುದು. 4 ಮಿ.ಮೀ. ತಿರುಪಿಗೆ ಎರಡು ಬದಿಯಲ್ಲೂ ಕನಿಷ್ಠ ಒಂದೊಂದು ಮಿ.ಮೀ. ಮೂಳೆ ಬೇಕು. ಸಾಲದಿದ್ದರೆ ಮೊದಲು ಮೂಳೆ ತುಂಬುವ ಚಿಕಿತ್ಸೆ ಮಾಡಿಸಬೇಕಾಗುತ್ತದೆ. ಆದರೂ ಬೆಳೆಯುವ ವಯಸ್ಸಿನಲ್ಲಿ ತಪ್ಪು ಜಾಗದಲ್ಲಿ ಸಿಕ್ಕಿಕೊಂಡ ಲೋಹಕ್ಕಿಂತ ಮುಂದೆ ತುಂಬಿಸಬಹುದಾದ ಮೂಳೆಯೇ ವಾಸಿ ಎಂದು ನನಗೆ ತೋರುತ್ತದೆ.

ದೊಡ್ಡವರ ವಿಷಯದಲ್ಲಿ ಲೆಕ್ಕಾಚಾರ ಬೇರೆ. ಅಲ್ಲಿ ವಯಸ್ಸು ಅಡ್ಡಿಯಲ್ಲ, ಎಪ್ಪತ್ತಾದವರಿಗೂ ಹಾಕುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ವಸಡಿನಲ್ಲಿ ಕೀವು ರಕ್ತ ಬರುತ್ತಿದೆಯೇ, ದವಡೆಗೆ ವಿಕಿರಣ ಚಿಕಿತ್ಸೆ ಆಗಿದೆಯೇ, ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಔಷಧಿ, ಇಂಜೆಕ್ಷನ್ ನಡೆಯುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ವಿಫಲವಾಗುವ ಸಂಭವ ಸುಮಾರು ಎರಡು ಪಟ್ಟು. ಮೇಲ್ದವಡೆಯ ಹಿಂಭಾಗದಲ್ಲಿ ಮೂಗಿನ ಪಕ್ಕದ ಗಾಳಿಗೂಡು, ಕೆಳದವಡೆಯಲ್ಲಿ ತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಇವೆರಡನ್ನೂ ತಪ್ಪಿಸಬೇಕು. ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತೆ ಉಳಿದುಬಿಡಬಹುದು. ಹಾಗಾಗಿಯೇ ಸ್ಕ್ಯಾನ್ ತೆಗೆಸುತ್ತಾರೆ.

ನಿಮ್ಮ ಅಜ್ಜಿಯ ಕೆಳಸಾಲಿನ ಹಲ್ಲಿನ ಸೆಟ್ ಊಟಕ್ಕೆ ಕುಳಿತಾಗಲೆಲ್ಲ ಅಲುಗಾಡುತ್ತಿದ್ದರೆ ಅವರಿಗೂ ಒಂದು ಮಾತು ಹೇಳಿ. ಎಲ್ಲ ಹಲ್ಲಿಗೂ ಒಂದೊಂದು ಇಂಪ್ಲಾಂಟ್ ಬೇಕಿಲ್ಲ. ಕೆಳದವಡೆಯ ಮುಂಭಾಗದಲ್ಲಿ ಎರಡನ್ನು ಕೂರಿಸಿ, ಪ್ಯಾಂಟಿನ ಒತ್ತುಗುಂಡಿಯಂತೆ ಸೆಟ್ಟನ್ನು ಅವಕ್ಕೆ ಸಿಕ್ಕಿಸಬಹುದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಇದೇ ಮೊದಲ ಆಯ್ಕೆಯಾಗಬೇಕೆಂದು ಹೇಳಿದ್ದಾರೆ.

ಖರ್ಚು ಒಂದೇ ಹಲ್ಲಿಗೆ ಹತ್ತಾರು ಸಾವಿರ ರೂಪಾಯಿ. ದಂತವೈದ್ಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಹಾಕಿಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಹತ್ತು ವರ್ಷದ ನಂತರವೂ ಅದು ಉಳಿದಿರುತ್ತದೆ, ಆದರೆ ತಾನಾಗಿಯೇ ಅಲ್ಲ. ಲೋಹಕ್ಕೆ ಹುಳುಕು ಹತ್ತದು ನಿಜ. ಸುತ್ತಲಿನ ವಸಡಿಗೆ ಸೋಂಕು ತಗುಲಿ ಮೂಳೆ ಕರಗಬಲ್ಲದು. ಪೊರೆಯ ನರಗಳಿಲ್ಲದ ಕಾರಣ ನೋವೂ ತಡವಾಗಿ ತಿಳಿಯುತ್ತದೆ. ದಿನಕ್ಕೆರಡು ಬಾರಿ ಬ್ರಷ್ ಮಾಡಬೇಕು, ವರ್ಷಕ್ಕೊಮ್ಮೆಯಾದರೂ ತೋರಿಸಬೇಕು.

ಕೊನೆಗೊಂದು ತುರ್ತು ಸಂಗತಿ. ಆಟದ ಮೈದಾನದಲ್ಲಿ ಗೆಳೆಯನ ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಬಿದ್ದರೆ ಅದನ್ನು ಎಸೆಯಬೇಡಿ. ಬಿಳಿಯ ಭಾಗವನ್ನು ಮಾತ್ರ ಹಿಡಿದು ಎತ್ತಿಕೊಳ್ಳಿ. ಮಣ್ಣಾಗಿದ್ದರೆ ತಣ್ಣೀರಿನಲ್ಲಿ ಕೆಲವು ಕ್ಷಣ ತೊಳೆಯಿರಿ, ಉಜ್ಜಬೇಡಿ. ಬೇರಿನ ಮೇಲೆ ಆ ನಾರಿನ ಪೊರೆಯ ಜೀವಕೋಶಗಳು ಇನ್ನೂ ಬದುಕಿರುತ್ತವೆ. ಸಾಧ್ಯವಾದರೆ ಹಲ್ಲನ್ನು ಅದೇ ಗುಳಿಯಲ್ಲಿ ಕೂರಿಸಿ, ಮೆಲ್ಲಗೆ ಕರವಸ್ತ್ರ ಕಚ್ಚಿಕೊಳ್ಳಲು ಹೇಳಿ. ಆಗದಿದ್ದರೆ ಹತ್ತಿರದ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತಂದು ಆ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ, ದಂತವೈದ್ಯರ ಬಳಿ ಕರೆದೊಯ್ಯಿರಿ. ತಮ್ಮ ತಂಗಿಯರ ಹಾಲುಹಲ್ಲಿಗೆ ಮಾತ್ರ ಹೀಗೆ ಮಾಡಬಾರದು, ಕೆಳಗಿರುವ ಶಾಶ್ವತ ಹಲ್ಲಿಗೆ ಪೆಟ್ಟಾದೀತು.