ಹೆಗೆಲ್ ಕಾಣದ ಇತಿಹಾಸ ಧಾರವಾಡದ ಮಾಸ್ತರರಿಗೆ ಕಂಡಿತು!

1837! ಈ ಒಂದು ಇಸವಿಯಲ್ಲಿ ಏನೇನೆಲ್ಲ ಬಂದು ಕೂಡಿಕೊಂಡಿದೆ ನೋಡಿ. ಜರ್ಮನಿಯ ತತ್ವಜ್ಞಾನಿ ಹೆಗೆಲ್ ತೀರಿಹೋಗಿ ಆಗಲೇ ಆರು ವರ್ಷ. ಇತಿಹಾಸದ ತತ್ವಜ್ಞಾನದ ಬಗ್ಗೆ ಅವನು ಬರ್ಲಿನ್ನಿನಲ್ಲಿ ಕೊಟ್ಟಿದ್ದ ಉಪನ್ಯಾಸಗಳು ಆ ವರ್ಷ ಪುಸ್ತಕವಾಗಿ ಅಚ್ಚಾದವು. ಅದೇ ವರ್ಷ ಬಾಸೆಲ್ ಮಿಶನ್ನಿನ ಪಾದ್ರಿಗಳು ಧಾರವಾಡಕ್ಕೆ ಬಂದು ನೆಲೆ ಊರಿದರು, ಎರಡು ವರ್ಷದಲ್ಲಿ ಹುಬ್ಬಳ್ಳಿಗೂ ಬಂದರು! ಹಸ್ತಪ್ರತಿಯಲ್ಲಿದ್ದ ಕನ್ನಡ ಕಾವ್ಯಗಳನ್ನು ಮಂಗಳೂರಿನ ಕಲ್ಲಚ್ಚಿನಲ್ಲಿ ಬೆಳಕಿಗೆ ತಂದ ಮೋಗ್ಲಿಂಗ್ ಈ ಮಿಶನ್ನಿನವನೇ, ಮೇಲಾಗಿ ಹೆಗೆಲ್ ಓದಿದ ಟ್ಯೂಬಿಂಗೆನ್ನಿನಲ್ಲೇ ಓದಿದವನು.

ಹೆಗೆಲ್ ಆ ಪುಸ್ತಕದಲ್ಲಿ ಭಾರತದ ಬಗ್ಗೆ ಹೇಳಿದ್ದೇನು? ಕಾವ್ಯ ಉಂಟು, ದರ್ಶನ ಉಂಟು, ಧರ್ಮಶಾಸ್ತ್ರ ಉಂಟು. ಇತಿಹಾಸ ಮಾತ್ರ ಇಲ್ಲ. ನಡೆದದ್ದನ್ನು ಬರೆದಿಡದ ಜನಕ್ಕೆ ಇತಿಹಾಸ ಎಲ್ಲಿಯದು ಎಂಬುದು ಅವನ ತರ್ಕ. ಭಾರತಕ್ಕೆ ಅವನು ಬಂದದ್ದೇ ಇಲ್ಲ.

ಸರಿಸುಮಾರು ನೂರು ವರ್ಷ ದಾಟಿ ಬನ್ನಿ. ಅದೇ ಧಾರವಾಡದಲ್ಲಿ ಒಬ್ಬ ಶಾಲಾ ಮಾಸ್ತರರು ಕೂತಿದ್ದಾರೆ. ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ. ಬಾ. ಜೋಶಿ. ವಿಶ್ವವಿದ್ಯಾಲಯದ ಪದವಿ ಇಲ್ಲ. ಆದರೆ ಕೇಳಿಕೊಂಡ ಪ್ರಶ್ನೆ ಹೆಗೆಲ್‌ನ ಪ್ರಶ್ನೆಯಷ್ಟೇ ದೊಡ್ಡದು: ಒಂದು ಜನಾಂಗ ತಾನು ತಾನಾಗುವುದು ಹೇಗೆ? ಉತ್ತರಕ್ಕೆ ಅವರು ಅರಮನೆಯ ದಫ್ತರವನ್ನಷ್ಟೇ ನೆಚ್ಚಿ ಕೂರಲಿಲ್ಲ. ಊರ ಹೆಸರುಗಳನ್ನು ಕೇಳಿದರು! ದನಗಾಹಿಗಳ ಹಟ್ಟಿಗಳನ್ನು, ಕುರುಬರ ದೈವಗಳನ್ನು, ಪುರಾಣದ ಕಥೆಗಳನ್ನು ಕೇಳಿದರು. ಅವರ ಒಂದು ಪುಸ್ತಕದ ಹೆಸರೇ ‘ಎಡೆಗಳು ಹೇಳುವ ಕಂನಾಡ ಕಥೆ’. ಬರಹವಿಲ್ಲದ ಕಾಲವೂ ಮಾತಾಡುತ್ತದೆ, ಊರೂರೇ ಸಾಕ್ಷಿ ಹೇಳುತ್ತದೆ ಎಂಬ ಈ ಧೈರ್ಯವನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆ ಜಾಡು ಹಿಡಿದು ಎಲ್ಲಿಯವರೆಗೆ ಹೋದರು! ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಾಸಿತ್ತು. ಶಂಬಾ ಗೋದಾವರಿಯನ್ನೂ ದಾಟಿ ನರ್ಮದೆಯ ತನಕ ಕನ್ನಡದ ಹೆಜ್ಜೆ ಹುಡುಕಿದರು. ಹಟ್ಟಿಕಾರರೆಂಬ ಪಶುಪಾಲಕರಲ್ಲಿ ಕನ್ನಡ, ಮರಾಠಿ ಎರಡೂ ನಾಡುಗಳ ಬೇರು ಕಂಡರು. ಅವರ ಶಬ್ದನಿಷ್ಪತ್ತಿಗಳಲ್ಲಿ ಎಷ್ಟೋ ಭಾಷಾವಿಜ್ಞಾನದ ಒರೆಗೆ ನಿಲ್ಲಲಿಕ್ಕಿಲ್ಲ, ಇರಲಿ. ರಾಜವಂಶಗಳ ಪಟ್ಟಿಯಾಚೆ, ಕುರಿ ಕಾಯುವವನನ್ನೂ ಸಂಸ್ಕೃತಿ ಕಟ್ಟಿದವನೆಂದು ಎದುರಿಗೆ ತಂದು ನಿಲ್ಲಿಸಿದ ಆ ನೋಟ ನನಗೆ ದೊಡ್ಡದು. ಕುರುಬರ ಕುರಿತ ಅವರ ‘ಹಾಲುಮತ ದರ್ಶನ’ವನ್ನು ತೆರೆದು ನೋಡಿ, ಗೊತ್ತಾಗುತ್ತದೆ.

ಅವರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1981ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ. ಇದೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದು. ಎರಡೂ ನಾಡುಗಳ ಬೇರು ಒಂದೇ ಎಂಬ ಮಾತನ್ನು ಶಂಬಾ ಕನ್ನಡಿಗರಿಗೆ ಮಾತ್ರ ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಅವರು ‘ಮರ್ಹಾಟಿ ಸಂಸ್ಕೃತಿ’ಯನ್ನು ಮರಾಠಿಯಲ್ಲೇ ಬರೆದು ಮರಾಠಿಗರ ಮುಂದಿಟ್ಟರು!